ಎರಡನೆಯ ಸಲ ಹೋಗಬಹುದಾದ ಊರು: ಧಾರೇಶ್ವರದ ದಂಡೆಯಲ್ಲಿ ಭರತ–ಇಳಿತದ ಪಾಠ

ಆತ್ಮಲಿಂಗದ ಕಥೆ ಉತ್ತರ ಕನ್ನಡ ಕರಾವಳಿಯ ಮಕ್ಕಳಿಗೆ ಬಾಯಿಪಾಠ. ರಾವಣ ತಂದ ಲಿಂಗವನ್ನು ವಟುವಿನ ವೇಷದ ಗಣಪತಿ ಗೋಕರ್ಣದಲ್ಲಿ ನೆಲಕ್ಕಿಟ್ಟುಬಿಟ್ಟ. ಎಷ್ಟು ಎಳೆದರೂ ಅದು ಮೇಲೇಳಲಿಲ್ಲ. ಸಿಟ್ಟಿಗೆದ್ದ ರಾವಣ ಲಿಂಗವನ್ನಿಟ್ಟಿದ್ದ ಸಂಪುಟ, ಅದರ ಮುಚ್ಚಳ, ಕಟ್ಟಿದ್ದ ದಾರ, ಹೊದಿಸಿದ್ದ ಬಟ್ಟೆ ಎಲ್ಲವನ್ನೂ ಎತ್ತಿ ಎಸೆದ. ಸಂಪುಟ ಬಿದ್ದದ್ದು ಕಾರವಾರದ ಬಳಿಯ ಸಜ್ಜೇಶ್ವರದಲ್ಲಿ, ಮುಚ್ಚಳ ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ, ಬಟ್ಟೆ ಭಟ್ಕಳ ತಾಲೂಕಿನ ಮುರ್ಡೇಶ್ವರದಲ್ಲಿ, ದಾರ ಕುಮಟಾ ತಾಲೂಕಿನ ಧಾರೇಶ್ವರದಲ್ಲಿ. ‘ದಾರ’ಕ್ಕೆ ಮಹಾಪ್ರಾಣ ಯಾವಾಗ ಹತ್ತಿತು, ಅಲ್ಲಿಯ ದೇವರು ಧಾರಾನಾಥ ಹೇಗಾದ ಎಂಬ ವಿಚಾರವನ್ನು ಕನ್ನಡ ಬೋಧನೆಯ ಮಿತ್ರರಿಗೆ ಬಿಡುತ್ತೇನೆ.

ಕಥೆ ಒಂದೇ, ಊರು ಐದು. ಆದರೆ ಜನ ಸೇರುವುದು ಎರಡರಲ್ಲಿ. ಗೋಕರ್ಣ, ಮುರ್ಡೇಶ್ವರಗಳಿಗೆ ಇಡೀ ರಾಜ್ಯದ ಪ್ರವಾಸಿ ಬಸ್ಸುಗಳು ಬರುತ್ತವೆ. ಮುರ್ಡೇಶ್ವರದ 123 ಅಡಿ ಎತ್ತರದ ಶಿವನ ಮೂರ್ತಿಯ ಚಿತ್ರ ನೋಡದ ಶಾಲಾ ಮಗು ಕರ್ನಾಟಕದಲ್ಲಿ ಸಿಗುವುದು ಕಷ್ಟ. ಧಾರೇಶ್ವರ ರಾಷ್ಟ್ರೀಯ ಹೆದ್ದಾರಿ 66ರ ಮೇಲೆಯೇ ಇದೆ, ಕುಮಟಾದಿಂದ ಹೊನ್ನಾವರದ ಕಡೆಗೆ ಏಳೆಂಟು ಕಿಲೋಮೀಟರ್. ಗೋಕರ್ಣ ಮುಗಿಸಿ ಮುರ್ಡೇಶ್ವರಕ್ಕೆ ಹೋಗುವ ಬಸ್ಸುಗಳು ಇದರ ಎದುರಿನಿಂದಲೇ ಹಾದುಹೋಗುತ್ತವೆ, ನಿಲ್ಲುವುದಿಲ್ಲ. ಯಕ್ಷಗಾನ ಬಲ್ಲವರಿಗೆ ಭಾಗವತ ಸುಬ್ರಹ್ಮಣ್ಯ ಧಾರೇಶ್ವರ ಅವರ ಹೆಸರಿನಿಂದ ಈ ಊರಿನ ಹೆಸರು ಪರಿಚಿತ. ಉಳಿದವರಿಗೆ ಅದು ಕಿಟಕಿಯಾಚೆ ಸರಿದುಹೋಗುವ ಒಂದು ಫಲಕ.

ನಾನು ಘಟ್ಟದ ಮೇಲಿನವಳು, ಹಾವೇರಿ ಕಡೆಯವಳು. ಕಡಲನ್ನು ಮೊದಲು ಕಂಡದ್ದು ಒಂಬತ್ತನೆಯ ತರಗತಿಯ ಪ್ರವಾಸದಲ್ಲಿ, ಮುರ್ಡೇಶ್ವರದಲ್ಲಿ, ಅರ್ಧ ಗಂಟೆ. ಎರಡು ರಾತ್ರಿ ಬಸ್ಸಿನಲ್ಲಿ ನಿದ್ದೆ, ಮೂರು ಹಗಲಿನಲ್ಲಿ ಏಳೆಂಟು ಸ್ಥಳ. ಒಳನಾಡಿನ ಬಹುತೇಕ ಮಕ್ಕಳಿಗೆ ಕಡಲಿನ ಪರಿಚಯ ಆಗುವುದು ಹೀಗೆಯೇ. ಅಂಥ ಪ್ರವಾಸದ ಸಂತೋಷವನ್ನು ನಾನು ಅಲ್ಲಗಳೆಯುವುದಿಲ್ಲ. ಆ ಅರ್ಧ ಗಂಟೆ ನನಗೆ ಇವತ್ತಿಗೂ ನೆನಪಿದೆ. ಆದರೆ ಅದನ್ನು ‘ಶೈಕ್ಷಣಿಕ’ ಎಂದು ಕರೆಯಬೇಕಾದರೆ ಒಂದು ಅಂಶ ಕಡಿಮೆ ಬೀಳುತ್ತದೆ: ದೂರದ, ಪ್ರಸಿದ್ಧ ಸ್ಥಳಕ್ಕೆ ಮಕ್ಕಳು ಒಂದೇ ಸಲ ಹೋಗುತ್ತಾರೆ. ಒಂದು ಸಲ ನೋಡಿದ್ದು ಬರಿಯ ನೋಟ. ಅದೇ ಜಾಗವನ್ನು ಇನ್ನೊಂದು ಸಲ ನೋಡಿ, ಮೊದಲಿನದಕ್ಕೆ ಹೋಲಿಸಿದಾಗ ಮಾತ್ರ ವಿಜ್ಞಾನದ ಪ್ರಶ್ನೆ ಹುಟ್ಟುತ್ತದೆ. ಯಾರೂ ನಿಲ್ಲದ ಹತ್ತಿರದ ಊರಿನ ದೊಡ್ಡ ಲಾಭ ಇದು. ಅಲ್ಲಿಗೆ ಎರಡನೆಯ ಸಲ ಹೋಗಬಹುದು. ಬೋಧನಾಭ್ಯಾಸದ ಅವಧಿಯಲ್ಲಿ ಎಂಟನೆಯ ತರಗತಿಯ 32 ಮಕ್ಕಳೊಂದಿಗೆ ಎರಡು ಶನಿವಾರ ಧಾರೇಶ್ವರದ ದಂಡೆಗೆ ಹೋಗಿ ಬಂದದ್ದರ ಆಧಾರದಲ್ಲಿ ಇದನ್ನು ವಿವರಿಸುತ್ತೇನೆ.

ಎರಡು ಶನಿವಾರ

ಊರಿನ ಹೆಸರು ಹೇಳಿದಾಗ ತರಗತಿಯಲ್ಲಿ ಉತ್ಸಾಹವೇನೂ ಕಾಣಲಿಲ್ಲ. “ಅಕ್ಕೋರೇ, ಅಲ್ಲೇನಿದೆ?” ಎಂದು ಒಬ್ಬ ಕೇಳಿದ. “ಅದು ನಮ್ಮ ಅಜ್ಜಿಮನೆ ಊರು” ಎಂದು ಒಬ್ಬಳು ಸ್ವಲ್ಪ ನಾಚಿಕೊಂಡು ಹೇಳಿದಳು, ಅಜ್ಜಿಮನೆಗೆ ಪ್ರವಾಸ ಹೋಗುವುದುಂಟೇ ಎಂಬಂತೆ. ಮುಂದೆ ಎರಡೂ ದಿನ ನಮಗೆ ದಾರಿ ತೋರಿಸಿದವಳು ಅವಳೇ. ಮಕ್ಕಳಿಗೆ ಮೊದಲೇ ಚಿತ್ರ ತೋರಿಸಿ ‘ಇದನ್ನು ನೋಡಬೇಕು’ ಎಂದು ಹೇಳಲು ಅಲ್ಲಿ ಏನೂ ಇರಲಿಲ್ಲ. ಪ್ರಸಿದ್ಧ ಸ್ಥಳದಲ್ಲಿ ಮಕ್ಕಳು ತಾವು ಈಗಾಗಲೇ ಕಂಡ ಚಿತ್ರವನ್ನು ಹುಡುಕುತ್ತಾರೆ, ಸಿಕ್ಕಿದ ಕೂಡಲೇ ನೋಡುವುದು ಮುಗಿಯುತ್ತದೆ. ಇಲ್ಲಿ ಹುಡುಕಲು ಚಿತ್ರವಿಲ್ಲದ್ದರಿಂದ ಕಣ್ಣು ನೆಲಕ್ಕೆ ಇಳಿಯಿತು.

ಮೊದಲ ಶನಿವಾರ ಶುಕ್ಲಪಕ್ಷದ ಅಷ್ಟಮಿಯ ಆಸುಪಾಸು. ಬೆಳಿಗ್ಗೆ ಹತ್ತು ಗಂಟೆಗೆ ನೀರು ಇಳಿದಿತ್ತು. ದಂಡೆಯ ಅಂಚಿನ ಒಂದು ಗಾಳಿಮರವನ್ನು ಗುರುತಾಗಿ ಇಟ್ಟುಕೊಂಡೆವು. ಮೀಟರಿಗೊಂದು ಗಂಟು ಹಾಕಿದ ಹಗ್ಗ ಹಿಡಿದು ಆ ಮರದಿಂದ ಅಲೆ ಬಂದು ಮುಟ್ಟುವ ಗೆರೆಯವರೆಗೆ ಅಳೆದೆವು. ನೀರಿನ ಕಡೆಯ ತುದಿಯನ್ನು ಹಿಡಿದವರು ಪ್ರಶಿಕ್ಷಣಾರ್ಥಿಗಳು, ಮರದ ಕಡೆಯ ತುದಿ ಮತ್ತು ಲೆಕ್ಕ ಮಕ್ಕಳದು. ಒದ್ದೆ ಮರಳಿನ ಮೇಲೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಮರಳಿನ ಉಂಡೆಗಳು ಸಾವಿರಗಟ್ಟಲೆ ಹರಡಿದ್ದವು, ಪ್ರತಿ ಗುಂಪಿನ ನಡುವೆ ಒಂದು ಸಣ್ಣ ತೂತು. ಇದು ಪುಟ್ಟ ಏಡಿಗಳ ಕೆಲಸ. ನೀರು ಇಳಿದಾಗ ಅವು ಹೊರಬಂದು ಮರಳನ್ನು ಬಾಯಿಗೆ ತುಂಬಿಕೊಂಡು, ಅದರಲ್ಲಿರುವ ಸೂಕ್ಷ್ಮ ಆಹಾರವನ್ನು ಸೋಸಿ, ಉಳಿದ ಮರಳನ್ನು ಉಂಡೆ ಮಾಡಿ ಪಕ್ಕಕ್ಕೆ ಇಡುತ್ತವೆ. ನೀರು ಏರಿದರೆ ಉಂಡೆಗಳೆಲ್ಲ ಅಳಿಸಿಹೋಗುತ್ತವೆ. ಅಂದರೆ ಉಂಡೆಗಳಿರುವ ಜಾಗ ಈಗಷ್ಟೇ ನೀರಿನಿಂದ ಹೊರಬಂದ ಜಾಗ. ಮಕ್ಕಳು ಈ ತೀರ್ಮಾನಕ್ಕೆ ತಾವಾಗಿಯೇ ಬಂದರು, ನಾನು ಕೇಳಿದ್ದು ‘ಒಣ ಮರಳಿನ ಮೇಲೆ ಯಾಕಿಲ್ಲ?’ ಎಂಬ ಒಂದೇ ಪ್ರಶ್ನೆ.

ಅಲ್ಲಲ್ಲಿ ಅಲೆ ಬಿಟ್ಟುಹೋದ ಕಪ್ಪು ಗೆರೆಗಳಿದ್ದವು. ಕಾಗದದಲ್ಲಿ ಸುತ್ತಿದ ಅಯಸ್ಕಾಂತವನ್ನು ಅದರ ಮೇಲೆ ಆಡಿಸಿದಾಗ ಕೆಲವು ಕಣಗಳು ಅಂಟಿದವು, ಹೆಚ್ಚಿನವು ಅಂಟಲಿಲ್ಲ. ಬಿಳಿ ಮರಳಿಗಿಂತ ತೂಕದ ಖನಿಜಗಳು ಹಿಂದುಳಿದು ಹೀಗೆ ಗೆರೆಯಾಗುತ್ತವೆ, ಅವುಗಳಲ್ಲಿ ಮ್ಯಾಗ್ನೆಟೈಟ್ ಕಣಗಳನ್ನು ಅಯಸ್ಕಾಂತ ಹಿಡಿಯುತ್ತದೆ. ಪದಾರ್ಥಗಳ ಬೇರ್ಪಡಿಸುವಿಕೆಯ ಪಾಠಕ್ಕೆ ಇದಕ್ಕಿಂತ ಅಗ್ಗದ ಉಪಕರಣ ನನಗೆ ಗೊತ್ತಿಲ್ಲ.

ಎರಡನೆಯ ಶನಿವಾರ ಹುಣ್ಣಿಮೆಯ ಹತ್ತಿರ. ಅದೇ ಬಸ್ಸು, ಅದೇ ಹತ್ತು ಗಂಟೆ, ಅದೇ ಮರ. ಮರದ ಬಳಿ ಬಂದು ನಿಂತ ಕೂಡಲೇ ಒಬ್ಬ ಹುಡುಗ ಕೂಗಿದ: “ಅಕ್ಕೋರೇ, ಹೋದ ವಾರ ಇಷ್ಟೊತ್ತಿಗೆ ನೀರು ಅಲ್ಲಿತ್ತಲ್ರಾ!” ಮರದಿಂದ ನೀರಿನ ಗೆರೆಗಿದ್ದ ಅಂತರ ಮೊದಲಿನ ಅರ್ಧದಷ್ಟೂ ಇರಲಿಲ್ಲ. ಏಡಿಯ ಉಂಡೆಗಳೂ ಇಲ್ಲ, ತೂತುಗಳೂ ಇಲ್ಲ. ಹಿಂದಿನ ವಾರ ತರಗತಿಗೆ ಮರಳಿದ ಮೇಲೆ ‘ನೀರು ಯಾವಾಗ ಇಳಿಯುತ್ತದೆ?’ ಎಂದು ಕೇಳಿದ್ದಕ್ಕೆ ಹೆಚ್ಚಿನವರು ‘ಬೆಳಿಗ್ಗೆ ಇಳಿಯುತ್ತದೆ, ಸಂಜೆ ಏರುತ್ತದೆ’ ಎಂದು ಬರೆದಿದ್ದರು. ಒಂದೇ ಸಲ ನೋಡಿದವರಿಗೆ ಅದು ಸರಿಯಾದ ಉತ್ತರವೇ. ಈಗ ಆ ಉತ್ತರ ಅವರ ಕಣ್ಣೆದುರೇ ಮುರಿದುಬಿತ್ತು.

ವಿವರಣೆಯನ್ನು ಆಮೇಲೆ ತರಗತಿಯಲ್ಲಿ ಕೊಟ್ಟೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಸಾಮಾನ್ಯವಾಗಿ ಎರಡು ಭರತ, ಎರಡು ಇಳಿತ. ಭೂಮಿ ತನ್ನ ಸುತ್ತ ಒಂದು ಸುತ್ತು ಮುಗಿಸುವಷ್ಟರಲ್ಲಿ ಚಂದ್ರ ತನ್ನ ಕಕ್ಷೆಯಲ್ಲಿ ಸ್ವಲ್ಪ ಮುಂದೆ ಸರಿದಿರುತ್ತಾನೆ. ಅವನನ್ನು ಮತ್ತೆ ಅದೇ ಜಾಗದಲ್ಲಿ ಎದುರಾಗಲು ಭೂಮಿಗೆ ಇನ್ನೂ ಸುಮಾರು 50 ನಿಮಿಷ ಬೇಕು. ಹಾಗಾಗಿ ಭರತ ದಿನದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಏಳು ದಿನಕ್ಕೆ 350 ನಿಮಿಷ, ಅಂದರೆ ಆರು ಗಂಟೆಗೆ ಹತ್ತು ನಿಮಿಷ ಕಡಿಮೆ. ಒಂದು ಇಳಿತದಿಂದ ಮುಂದಿನ ಭರತಕ್ಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು, ಆರು ಗಂಟೆ 12 ನಿಮಿಷ. ಆದ್ದರಿಂದ ಒಂದು ವಾರ ಬಿಟ್ಟು ಅದೇ ಹೊತ್ತಿಗೆ ಹೋದರೆ ಇಳಿತದ ಜಾಗದಲ್ಲಿ ಭರತ ಸಿಗುತ್ತದೆ. ಇದರ ಮೇಲೆ ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಸೂರ್ಯ, ಚಂದ್ರ, ಭೂಮಿ ಸಾಲಾಗಿ ನಿಲ್ಲುವುದರಿಂದ ಏರಿಳಿತ ದೊಡ್ಡದು. ಅಷ್ಟಮಿಯ ಹೊತ್ತಿಗೆ ಸೂರ್ಯ, ಚಂದ್ರರ ಸೆಳೆತ ಲಂಬ ದಿಕ್ಕಿನಲ್ಲಿ ಇರುವುದರಿಂದ ಸಣ್ಣದು. ಗುಣಾಕಾರವನ್ನು ಮಕ್ಕಳೇ ಮಾಡಿದರು. 350 ಬಂದಾಗ ಹಿಂದಿನ ಬೆಂಚಿನಲ್ಲಿ ಆದ ಗದ್ದಲ ನನ್ನ ಇಡೀ ಬೋಧನಾಭ್ಯಾಸದ ಅತ್ಯುತ್ತಮ ಗದ್ದಲ. ಮೀನುಗಾರರ ಮನೆಯ ಇಬ್ಬರು ಮಕ್ಕಳು ಮಾತ್ರ ನಕ್ಕರು. ತಿಥಿಗೂ ನೀರಿಗೂ ಇರುವ ಸಂಬಂಧ ಅವರ ಮನೆಯಲ್ಲಿ ದಿನನಿತ್ಯದ ಮಾತು. ಅವರಿಗೆ ಅದು ಪಾಠಪುಸ್ತಕದ ವಿಷಯ ಎಂಬುದೇ ಹೊಸದು.

ಪಾಠ ವಿಮರ್ಶೆಯಲ್ಲಿ ಎರಡು ಆಕ್ಷೇಪಣೆ ಬಂದವು. ಇದು ವಿಜ್ಞಾನವೋ ಭೂಗೋಳವೋ ಎಂಬುದು ಒಂದು. ಕಡಲಿಗೆ ಆ ಭೇದ ಗೊತ್ತಿಲ್ಲ ಎಂದಷ್ಟೇ ಹೇಳಬಲ್ಲೆ. ಶಾಲೆಯ ಹೊರಗಿನ ಬದುಕಿಗೂ ಜ್ಞಾನಕ್ಕೂ ನಂಟು ಇರಬೇಕೆಂದು ನಾವೆಲ್ಲ ಪರೀಕ್ಷೆಗೆ ಬರೆಯುವ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಮೊದಲ ತತ್ತ್ವ ಹೇಳುವುದೂ ಇದನ್ನೇ. ಎರಡನೆಯ ಆಕ್ಷೇಪಣೆ ಗಟ್ಟಿಯಾದದ್ದು: ಒಂದು ಪರಿಕಲ್ಪನೆಗೆ ಎರಡು ಶನಿವಾರ ಕೊಟ್ಟರೆ ಘಟಕ ಮುಗಿಯುವುದು ಯಾವಾಗ? ನನ್ನ ಲೆಕ್ಕ ಹೀಗೆ. ಶನಿವಾರ ಬೆಳಗಿನ ಶಾಲೆ, ಹೋಗಿಬರಲು ಸಾರಿಗೆ ಬಸ್ಸು. ಶಕ್ತಿ ಯೋಜನೆಯಿಂದಾಗಿ ಹುಡುಗಿಯರಿಗೆ ಟಿಕೆಟ್ ದುಡ್ಡಿಲ್ಲ, ಹುಡುಗರದು ಸಣ್ಣ ಮೊತ್ತ. ಮೂರು ದಿನದ ಪ್ರವಾಸಕ್ಕೆ ದುಡ್ಡು ಹೊಂದಿಸಲಾಗದೆ ಹಿಂದೆ ಉಳಿಯುವ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಈ ಎರಡು ಶನಿವಾರ ಯಾರೂ ಹಿಂದೆ ಉಳಿಯಲಿಲ್ಲ.

ಶಾಂತವಾಗಿ ಕಾಣುವ ನೀರು

ಮುಂದಿನ ಮಾತನ್ನು ಸ್ವಲ್ಪ ನಿಧಾನವಾಗಿ ಹೇಳಬೇಕಾಗಿದೆ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶೈಕ್ಷಣಿಕ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಜನ ತುಂಬಿದ, ಹೆಸರಾಂತ ದಂಡೆಯಲ್ಲೇ ಹೀಗಾಯಿತು. ಹಾಗಿರುವಾಗ ಯಾರೂ ಹೋಗದ ದಂಡೆಗೆ ಮಕ್ಕಳನ್ನು ಕರೆದೊಯ್ಯುವ ಶಿಕ್ಷಕರು ಅಲ್ಲಿ ಕಾವಲುಗಾರರಿದ್ದಾರೆ, ಹಗ್ಗವಿದೆ, ಎಚ್ಚರಿಕೆಯ ಬಾವುಟವಿದೆ ಎಂದುಕೊಂಡು ಹೋಗುವಂತಿಲ್ಲ. ಇರುವುದೆಲ್ಲ ತಾವು ತಂದದ್ದೇ.

ಇಲ್ಲಿ ಭೌತವಿಜ್ಞಾನವನ್ನು ತಿಳಿದಿರಲೇಬೇಕು. ಅಲೆಗಳು ದಂಡೆಗೆ ತಂದ ನೀರು ಎಲ್ಲಿಂದಲೋ ವಾಪಸು ಹೋಗಬೇಕು. ನೀರಿನಡಿಯ ಮರಳದಿಣ್ಣೆಗಳ ನಡುವೆ ಆಳವಾದ ಕಾಲುವೆಯಂಥ ಜಾಗ ಸಿಕ್ಕರೆ ಅದು ಒಟ್ಟಾಗಿ ಅಲ್ಲಿಂದ ರಭಸದಲ್ಲಿ ಹೊರಕ್ಕೆ ಹರಿಯುತ್ತದೆ. ಇದನ್ನೇ ರಿಪ್ ಕರೆಂಟ್ ಎನ್ನುತ್ತಾರೆ. ಆಳವಿರುವುದರಿಂದ ಆ ಜಾಗದಲ್ಲಿ ಅಲೆ ಒಡೆಯುವುದು ಕಡಿಮೆ, ನೊರೆ ಕಡಿಮೆ, ನೀರು ಸ್ವಲ್ಪ ಕಪ್ಪಾಗಿ ಶಾಂತವಾಗಿ ಕಾಣುತ್ತದೆ. ಕಡಲು ಅರಿಯದ ಮಗು ಸುರಕ್ಷಿತವೆಂದು ಆರಿಸಿಕೊಳ್ಳುವುದು ಅದನ್ನೇ! ಸೆಳೆತಕ್ಕೆ ಸಿಕ್ಕವರು ದಂಡೆಯ ಕಡೆಗೆ ನೇರವಾಗಿ ಈಜಲು ಹೋಗಿ ಸೋತುಹೋಗುತ್ತಾರೆ. ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದರೆ ಸೆಳೆತದ ಅಗಲದಿಂದ ಹೊರಬರಬಹುದು, ಏಕೆಂದರೆ ಅದು ಸಾಮಾನ್ಯವಾಗಿ ಕಿರಿದಾದ ಪಟ್ಟಿ. ಈ ಪಾಠವನ್ನು ನಾವು ದಂಡೆಗೆ ಹೋಗುವ ಮೊದಲೇ ಕರಿಹಲಗೆಯ ಮೇಲೆ ಚಿತ್ರ ಬರೆದು ಮಾಡಿದೆವು. ದಂಡೆಯಲ್ಲಿ ನಿಂತು ನೊರೆಯ ಸಾಲಿನಲ್ಲಿ ಎಲ್ಲಿ ಬಿಡುವಿದೆ ಎಂದು ಮಕ್ಕಳು ದೂರದಿಂದಲೇ ಗುರುತಿಸಿದರು. ಘಟ್ಟದ ಮೇಲಿನ ಶಾಲೆಗಳು ಕರಾವಳಿಗೆ ಬಸ್ಸು ಹತ್ತುವ ಹಿಂದಿನ ದಿನ ಇದೊಂದು ಪಾಠವನ್ನು ಮಾಡಿ ಹೊರಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮ ನಿಯಮ ಒಂದೇ ಇತ್ತು: ಯಾರ ಕಾಲೂ ಒದ್ದೆಯಾಗಬಾರದು. ಇಬ್ಬರು ಪ್ರಶಿಕ್ಷಣಾರ್ಥಿಗಳು, ಶಾಲೆಯ ಮಾರ್ಗದರ್ಶಕ ಶಿಕ್ಷಕರು ಮತ್ತು ಈಜು ಬಲ್ಲ ಇಬ್ಬರು ಪಾಲಕರು ಮಕ್ಕಳಿಗೂ ನೀರಿಗೂ ನಡುವೆ ನಿಂತಿದ್ದೆವು. ಮಕ್ಕಳನ್ನು ಕರೆದೊಯ್ಯುವ ಮೊದಲು ನಾವಿಬ್ಬರು ಅದೇ ಹೊತ್ತಿಗೆ ಹೋಗಿ ನೋಡಿ ಬಂದಿದ್ದೆವು. ಶೌಚಾಲಯದ ವಿಷಯವನ್ನು ಪಾಠಯೋಜನೆಯಲ್ಲಿ ಯಾರೂ ಬರೆಯುವುದಿಲ್ಲ, ಆದರೆ ಪ್ರವಾಸಿಗಳಿಗೆಂದು ಏನೂ ಇಲ್ಲದ ಊರಿನಲ್ಲಿ ಹುಡುಗಿಯರಿಗೆ ಮೊದಲು ಬೇಕಾಗುವುದು ಅದೇ. ಹತ್ತಿರದ ಶಾಲೆಯವರನ್ನು ಮುಂಚೆಯೇ ಕೇಳಿಕೊಂಡಿದ್ದರಿಂದ ತೊಂದರೆಯಾಗಲಿಲ್ಲ.

ದಾರಿಯಲ್ಲಿ ನಿಂತು ನೋಡಿದವರು

ಪ್ರವಾಸ ಎಂದರೆ ಪಟ್ಟಿಯಲ್ಲಿರುವ ಸ್ಥಳಗಳಿಗೆ ಟಿಕ್ ಹಾಕುವುದು ಎಂಬ ತಿಳಿವಳಿಕೆ ಇತ್ತೀಚಿನದು. ಇದೇ ಕರಾವಳಿಗೆ 14ನೆಯ ಶತಮಾನದಲ್ಲಿ ಬಂದ ಇಬ್ನ್ ಬತೂತಾ ಹೊನ್ನಾವರದ ಬಗ್ಗೆ ಬರೆಯುವಾಗ ಅಲ್ಲಿ ಗಂಡುಮಕ್ಕಳ 23 ಶಾಲೆಗಳನ್ನೂ ಹೆಣ್ಣುಮಕ್ಕಳ 13 ಶಾಲೆಗಳನ್ನೂ ಕಂಡೆನೆಂದು ದಾಖಲಿಸಿದ್ದಾನೆ. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಪೋರ್ಚುಗೀಸ್ ನಿಯೋಗವೊಂದರ ಜೊತೆ ಹೊನ್ನಾವರ, ಗೇರುಸೊಪ್ಪೆಗಳ ದಾರಿಯಾಗಿ ಇಕ್ಕೇರಿಗೆ ಹೊರಟಿದ್ದ. ಘಟ್ಟದ ದಾರಿಯಲ್ಲಿ ಒಂದು ದೇವಸ್ಥಾನದ ಜಗಲಿಯಲ್ಲಿ ಕೆಲವು ಹುಡುಗರು ಲೆಕ್ಕ ಕಲಿಯುವುದನ್ನು ಕಂಡು ನಿಂತ. ಒಬ್ಬ ರಾಗವಾಗಿ ಹೇಳುತ್ತ ನೆಲದ ನುಣ್ಣನೆಯ ಮರಳಿನಲ್ಲಿ ಬೆರಳಿನಿಂದ ಬರೆಯುತ್ತಾನೆ, ಉಳಿದವರು ಅವನಂತೆಯೇ ಹಾಡಿ ಬರೆಯುತ್ತಾರೆ. ಜಾಗ ತುಂಬಿದರೆ ಅಳಿಸಿ ಹೊಸ ಮರಳು ಹರಡುತ್ತಾರೆ. ಮರೆತರೆ ಕಲಿಸುವವರು ಯಾರು ಎಂದು ಕೇಳಿದಾಗ, ತಾವೇ ಒಬ್ಬರಿಗೊಬ್ಬರು ಹೇಳಿಕೊಡುತ್ತೇವೆ ಎಂಬ ಉತ್ತರ ಬಂತಂತೆ. ಸಹಪಾಠಿ ಕಲಿಕೆಯ ಬಗ್ಗೆ ನಾವು ಓದುವ ಯಾವ ಉದಾಹರಣೆಯೂ ನನಗೆ ಇಷ್ಟು ಹಿಡಿಸಿಲ್ಲ. ಅದು ಇಕ್ಕೇರಿಯ ಅರಮನೆಯಲ್ಲಿ ಸಿಕ್ಕಿದ ಸಂಗತಿಯಲ್ಲ, ದಾರಿಯಲ್ಲಿ ತಂಗಿದಾಗ ಸಿಕ್ಕಿದ್ದು. ಈ ಇಬ್ಬರ ಬಗ್ಗೆ ದಂಡೆಯಲ್ಲೇ ಹೇಳಿದೆ. ನಮ್ಮ ಮಕ್ಕಳೂ ಹಗ್ಗದ ಅಳತೆಯನ್ನು ಒಣ ಮರಳಿನಲ್ಲಿಯೇ ಬರೆದು ಕೂಡಿಸಿದರು.

ಒಂದು ಅಂಜಿಕೆಯನ್ನೂ ಹೇಳಬೇಕು. ನಾನು ಈ ಊರಿನ ಬಗ್ಗೆ ಬರೆಯುವುದರಿಂದಲೇ ಇದು ‘ಸ್ಪಾಟ್’ ಆಗಬಾರದು. ಈ ಕರಾವಳಿಯ ಮರಳಿನಲ್ಲಿ ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಹೊನ್ನಾವರದ ಕಾಸರಕೋಡ ಟೊಂಕದ ದಂಡೆ ಅದಕ್ಕೆ ಹೆಸರುವಾಸಿ. ಮೊಟ್ಟೆಯೊಡೆದು ಬಂದ ಮರಿಗಳು ಬೆಳಕು ಹೆಚ್ಚಿರುವ ದಿಗಂತದ ಕಡೆಗೆ ಹರಿದಾಡುತ್ತವೆ. ಕತ್ತಲ ದಂಡೆಯಲ್ಲಿ ಆ ಬೆಳಕು ಕಡಲಿನದು, ವಿದ್ಯುದ್ದೀಪಗಳು ಬಂದರೆ ಅದು ಹೋಟೆಲಿನದು. ಮೀನುಗಾರರಿಗೂ ದಂಡೆ ಎಂದರೆ ಬಲೆ ಒಣಗಿಸುವ, ದೋಣಿ ಎಳೆದಿಡುವ ಅಂಗಳ. ಆದ್ದರಿಂದ 32 ಮಕ್ಕಳು ಸರಿ, 200 ಬೇಡ. ಫೋಟೋ ತರಗತಿಯ ಗೋಡೆಗೆ ಸಾಕು. ತಂದ ಪೊಟ್ಟಣವೆಲ್ಲ ವಾಪಸು ಬರಬೇಕು.

ಬೇರೆ ತಾಲೂಕುಗಳಲ್ಲಿ ಬೋಧನಾಭ್ಯಾಸ ಮಾಡುವವರಿಗೆ ಧಾರೇಶ್ವರವೇ ಬೇಕೆಂದಿಲ್ಲ. ಒಂದು ಬೆಳಗಿನಲ್ಲಿ ಹೋಗಿಬರುವಷ್ಟು ಹತ್ತಿರವಿರುವ, ಕಾಲಕ್ಕೆ ತಕ್ಕಂತೆ ಬದಲಾಗುವ, ಕೇಳಿದ್ದಕ್ಕೆ ಉತ್ತರ ಹೇಳುವ ಹಿರಿಯರೊಬ್ಬರಿರುವ ಜಾಗವಾದರೆ ಸಾಕು. ಕುಮಟಾ ತಾಲೂಕಿನಲ್ಲೇ ಮಾಣಿಕಟ್ಟದ ಗಜನಿ ಗದ್ದೆಗಳಿವೆ. ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ ಮಳೆಗಾಲದಲ್ಲಿ ಬೆಳೆಯುವ ನೆಲದಲ್ಲಿಯೇ ಕೊಯ್ಲಿನ ನಂತರ ಮೀನು, ಸಿಗಡಿ ಸಿಗುತ್ತವೆ. ಆಗಸ್ಟಿನಲ್ಲಿ ಒಮ್ಮೆ, ಜನವರಿಯಲ್ಲಿ ಒಮ್ಮೆ ಹೋದರೆ ಮಕ್ಕಳಿಗೆ ಅದು ಒಂದೇ ಜಾಗ ಎಂದು ನಂಬಿಸುವುದೇ ಕಷ್ಟವಾದೀತು. ಆ ಗದ್ದೆಗಳ ಪಕ್ಕದ ಅಘನಾಶಿನಿ ಅಳಿವೆ 2024ರ ಜನವರಿಯಲ್ಲಿ ರಾಮ್‌ಸಾರ್ ತಾಣವೆಂದು ಘೋಷಿತವಾದಾಗ ಅದರ ಜೊತೆಗೇ ಪಟ್ಟಿ ಸೇರಿದ ಗದಗ ಜಿಲ್ಲೆಯ ಮಾಗಡಿ ಕೆರೆಯೂ ಅಂಥದೇ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳಿಂದ ತುಂಬುವ ಕೆರೆಯನ್ನು ಬೇಸಗೆಯಲ್ಲೂ ಒಮ್ಮೆ ನೋಡಬೇಕು.

ನಮ್ಮ ಅಳತೆಗಳು ಆ ತರಗತಿಯ ಗೋಡೆಪತ್ರಿಕೆಯಲ್ಲಿವೆ, ನಕಲು ನಮ್ಮ ಕಾಲೇಜಿನ ವಿಜ್ಞಾನ ಪ್ರಯೋಗಾಲಯದ ಕಡತದಲ್ಲಿದೆ. ಮಳೆಗಾಲದ ದೊಡ್ಡ ಅಲೆಗಳು ದಂಡೆಯ ಮರಳನ್ನು ಒಳಕ್ಕೆಳೆದುಕೊಂಡು, ಆಮೇಲೆ ಬೇಸಗೆಯವರೆಗೆ ಮೆಲ್ಲನೆ ವಾಪಸು ತರುತ್ತವೆ. ಹಾಗಾಗಿ ಅದೇ ಮರದಿಂದ, ಅದೇ ತಿಥಿಯಲ್ಲಿ, ಅದೇ ಹೊತ್ತಿಗೆ ಅಳೆದರೂ ಅಕ್ಟೋಬರಿನ ಅಂತರ ಬೇರೆ ಬರಬೇಕು. ನಮ್ಮ ಅವಧಿ ಅಷ್ಟರೊಳಗೆ ಮುಗಿಯಿತು. ಮುಂದಿನ ತಂಡದವರು ಆ ಶಾಲೆಗೆ ಹೋದರೆ ಗಂಟು ಹಾಕಿದ ಹಗ್ಗ ಕಡತದ ಜೊತೆಗೇ ಇದೆ. ಮರ ಯಾವುದೆಂದು ಅಜ್ಜಿಮನೆಯ ಹುಡುಗಿಯನ್ನು ಕೇಳಿದರೆ ತೋರಿಸುತ್ತಾಳೆ, ಈಗ ಅವಳು ಒಂಬತ್ತನೆಯ ತರಗತಿಯಲ್ಲಿರುತ್ತಾಳೆ.